ಸಾಂಡ್ರಾ ಶ್ಮರ್ಲರ್ ಮತ್ತು ಮೂವರು ಗೆಳತಿಯರು

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಈ ಸಲ ಒಬ್ಬ ಕ್ರೀಡಾಪಟುವಿನ ಬಗ್ಗೆ ಮಾತಾಡು ಅಂತ ನನಗೆ ಹೇಳಿದಾಗ ಎಲ್ಲರೂ ಒಂದೇ ಮಾತು ಅಂದುಕೊಂಡಿರುತ್ತೀರಿ. ಹೈದರಾಬಾದಿನಲ್ಲಿ ಕೂತವಳು ಪಿ.ವಿ. ಸಿಂಧು, ಸಾನಿಯಾ ಮಿರ್ಜಾ, ಮಿಥಾಲಿ ರಾಜ್ ಇವರನ್ನು ಬಿಟ್ಟು ಇನ್ನೆಲ್ಲಿಗೆ ಹೋಗುತ್ತಾಳೆ? ಆದರೆ ಅವರ ಬಗ್ಗೆ ನನಗಿಂತ ನಿಮ್ಮ ಮಕ್ಕಳಿಗೇ ಹೆಚ್ಚು ಗೊತ್ತು. ನಾನು ಹೇಳಹೊರಟವಳ ಹೆಸರು ಸಾಂಡ್ರಾ ಶ್ಮರ್ಲರ್. ಕೆನಡಾದವಳು. ಆಡಿದ್ದು ಕರ್ಲಿಂಗ್. ಈಗ ಇಲ್ಲ, 2000ನೇ ಇಸವಿಯಲ್ಲಿ ತನ್ನ ಮೂವತ್ತಾರನೇ ವಯಸ್ಸಿಗೆ ತೀರಿಹೋದಳು. ಏಕವಚನ ಬಳಸುತ್ತಿದ್ದೇನೆ, ಕ್ಷಮಿಸಿ. ಅವಳನ್ನು ಕುರಿತು ಓದಿ ಓದಿ ಓರಗೆಯವಳು ಅನ್ನಿಸಿಬಿಟ್ಟಿದ್ದಾಳೆ.

ಇವಳು ನನಗೆ ಸಿಕ್ಕಿದ್ದು ಆಫೀಸಿನ ಮೂಲಕ. ನಮ್ಮ ಪ್ರಾಜೆಕ್ಟಿನ ಕ್ಲೈಂಟ್ ತಂಡ ಇರುವುದು ರೆಜೈನಾ ಎಂಬ ಊರಿನಲ್ಲಿ, ಸಸ್ಕಾಚವಾನ್ ಪ್ರಾಂತ್ಯದ ರಾಜಧಾನಿ ಅದು. ಅಮೆರಿಕದ ಕ್ಲೈಂಟ್ ಇದ್ದವರಿಗೆ ಗೊತ್ತು, ವರ್ಷಕ್ಕೆ ಎರಡು ಸಲ ಅವರ ಗಡಿಯಾರ ಹಿಂದೆ ಮುಂದೆ ಆಗಿ ನಮ್ಮ ಊಟದ ಹೊತ್ತು ತಪ್ಪುತ್ತದೆ. ಸಸ್ಕಾಚವಾನಿನಲ್ಲಿ ಆ ತಂಟೆ ಇಲ್ಲ. ಅವರು ಗಡಿಯಾರ ಬದಲಿಸುವುದೇ ಇಲ್ಲ. ನಮಗೆ ರಾತ್ರಿ ಒಂಬತ್ತಾದರೆ ಅವರಿಗೆ ಬೆಳಗ್ಗೆ ಒಂಬತ್ತೂವರೆ, ವರ್ಷಪೂರ್ತಿ. ಫೆಬ್ರುವರಿ ಬಂತೆಂದರೆ ಆ ತಂಡದವರ ಬಾಯಲ್ಲಿ ಒಂದೇ ಮಾತು, ಕರ್ಲಿಂಗ್. ನಮ್ಮವರು ಐಪಿಎಲ್ ಹೊತ್ತಿನಲ್ಲಿ ಆಡುವ ಹಾಗೆ. ಆ ಮಾತಿನ ನಡುವೆ ಒಮ್ಮೆ ಈ ಹೆಸರು ಬಂತು. ಹೆಸರು ಬಂದ ಕೂಡಲೇ ಕಾಲ್‌ನಲ್ಲಿದ್ದ ನಾಲ್ಕೈದು ಜನ ಒಂದು ಕ್ಷಣ ಸುಮ್ಮನಾದರು. ತೀರಿಹೋಗಿ ಎರಡು ದಶಕ ಕಳೆದವಳಿಗೆ ಅಂಥ ಮೌನ ಯಾಕೆ ಅಂತ ಅವತ್ತು ರಾತ್ರಿಯೇ ಹುಡುಕಿ ಓದಲು ಕೂತೆ.

ಮೊದಲು ಆಟ ಹೇಳಿಬಿಡುತ್ತೇನೆ. ಮಂಜುಗಡ್ಡೆ ಅಂದರೆ ನಮಗೆ ಲೋವರ್ ಟ್ಯಾಂಕ್‌ಬಂಡಿನ ಸ್ನೋ ವರ್ಲ್ಡ್ ಅಷ್ಟೇ. ಹಾಗಾಗಿ ಮಂಜನ್ನು ಮರೆತು ಕೇರಂ ಬೋರ್ಡನ್ನು ನೆನೆಸಿಕೊಳ್ಳಿ. ಬೋರ್ಡಿನ ಉದ್ದ ಸುಮಾರು 45 ಮೀಟರ್. ಸ್ಟ್ರೈಕರಿನ ತೂಕ ಇಪ್ಪತ್ತು ಕಿಲೋ, ಗ್ರಾನೈಟ್ ಕಲ್ಲು, ಮೇಲೆ ಚಹಾದ ಕೆಟಲ್‌ಗೆ ಇರುವಂಥ ಹಿಡಿಕೆ. ಬೋರಿಕ್ ಪೌಡರ್ ಬದಲು ಮಂಜಿನ ಮೇಲೆ ಸಣ್ಣ ಸಣ್ಣ ನೀರಿನ ಹನಿ ಚಿಮುಕಿಸಿ ಹೆಪ್ಪುಗಟ್ಟಿಸಿರುತ್ತಾರೆ. ಮೂಲೆಯ ಗುಳಿಗಳ ಬದಲು ಆ ತುದಿಯಲ್ಲಿ ನೆಲದ ಮೇಲೆ ರಂಗೋಲಿಯ ಹಾಗೆ ವೃತ್ತದೊಳಗೆ ವೃತ್ತ, ಹೊರಗಿನದು ಹನ್ನೆರಡು ಅಡಿ ಅಗಲ. ಅದಕ್ಕೆ ‘ಮನೆ’ ಅಂತಲೇ ಹೆಸರು. ಒಂದು ತಂಡದಲ್ಲಿ ನಾಲ್ವರು, ತಲೆಗೆ ಎರಡರಂತೆ ಎಂಟು ಕಲ್ಲು. ಎರಡೂ ತಂಡದ ಹದಿನಾರು ಕಲ್ಲು ಮುಗಿದಾಗ ಮನೆಯ ನಡುವಿಗೆ ಯಾರ ಕಲ್ಲು ಹತ್ತಿರವೋ ಅವರಿಗೆ ಅಂಕ. ಇಂಥ ಹತ್ತು ಸುತ್ತು. ಗೋಲಿ ಆಡಿದವರಿಗೆ ಉಳಿದದ್ದು ಹೇಳಬೇಕಿಲ್ಲ: ಎದುರಾಳಿಯದನ್ನು ಹೊಡೆದು ಓಡಿಸುವುದು, ನಮ್ಮದಕ್ಕೆ ಮರೆ ಕಟ್ಟುವುದು.

ಗೋಲಿಯಲ್ಲೂ ಕೇರಮಿನಲ್ಲೂ ಇಲ್ಲದ್ದು ಒಂದಿದೆ. ಕಲ್ಲು ಕೈ ಬಿಟ್ಟ ಮೇಲೂ ಆಟ ಮುಗಿಯುವುದಿಲ್ಲ. ತಂಡದ ಇಬ್ಬರು ಅದರ ಮುಂದೆ ಮುಂದೆ ಕಸಬರಿಗೆ ಹಿಡಿದು ಮಂಜನ್ನು ಉಜ್ಜುತ್ತ ಓಡುತ್ತಾರೆ. ಉಜ್ಜಿದರೆ ಘರ್ಷಣೆ ಕಡಿಮೆಯಾಗಿ ಕಲ್ಲು ಇನ್ನಷ್ಟು ದೂರ ಹೋಗುತ್ತದೆ, ಕಡಿಮೆ ತಿರುಗುತ್ತದೆ. ಈ ಫೋಟೋ ನೋಡಿದಾಗ ನಮ್ಮ ಅವ್ವ ಕೇಳಿದ್ದು, “ಅಲ್ಲೂ ಕಸಾ ಹೊಡಿಯೋರು ಹೆಣ್ಮಕ್ಕಳೇ ಏನು?” ಗಂಡಸರೂ ಉಜ್ಜುತ್ತಾರೆ ಅಂತ ವೀಡಿಯೋ ಹಾಕಿ ತೋರಿಸಿದ ಮೇಲೆ ಆಕೆಗೆ ಈ ಆಟದ ಮೇಲೆ ಗೌರವ ಬಂತು.

ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಆಟ. ಅಲ್ಲಿಂದ ವಲಸೆ ಹೋದವರ ಜೊತೆ ಕೆನಡಾ ಸೇರಿತು. ಸಸ್ಕಾಚವಾನ್ ಗೋಧಿ ಬೆಳೆಯುವ ನಾಡು, ಬಯಲು ಸೀಮೆ. ಚಳಿಗಾಲದಲ್ಲಿ ಮೈನಸ್ ಮೂವತ್ತಕ್ಕೂ ಇಳಿಯುತ್ತದೆ. ಹೊಲದ ಕೆಲಸ ಇಲ್ಲ, ರಾತ್ರಿ ಉದ್ದ. ನಮ್ಮ ಕಡೆ ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಬಯಲಾಟ ಕಟ್ಟುವ ಹಾಗೆ ಅಲ್ಲಿ ಊರೂರಲ್ಲಿ ಕರ್ಲಿಂಗ್ ಕಟ್ಟೆ. ಸಾಂಡ್ರಾ ಹುಟ್ಟಿದ್ದು 1963ರ ಜೂನ್ 11ರಂದು, ಬಿಗ್ಗರ್ ಎಂಬ ಸಣ್ಣ ಊರಿನಲ್ಲಿ. ಸುಮಾರು ಎರಡು ಸಾವಿರ ಜನ. ‘ನ್ಯೂಯಾರ್ಕ್ ಬಿಗ್, ಆದರೆ ಇದು ಬಿಗ್ಗರ್’ ಅಂತ ಊರಿನ ಬಾಗಿಲಲ್ಲಿ ಬೋರ್ಡು ಹಾಕಿಕೊಂಡ ಊರು! ಇಂಥ ಊರಿನವರ ಹಾಸ್ಯಪ್ರಜ್ಞೆ ನನಗೆ ಬಹಳ ಇಷ್ಟ.

ಅವಳು ಸಸ್ಕಾಚವಾನ್ ವಿಶ್ವವಿದ್ಯಾಲಯದಲ್ಲಿ ದೈಹಿಕ ಶಿಕ್ಷಣ ಓದಿದಳು. ಆಮೇಲೆ ರೆಜೈನಾಗೆ ಬಂದು ನಗರಸಭೆಯ ಒಂದು ಕ್ರೀಡಾ ಮತ್ತು ಮನರಂಜನಾ ಕೇಂದ್ರದಲ್ಲಿ ಕೆಲಸಕ್ಕೆ ಸೇರಿದಳು. ಇದನ್ನು ಗಮನಿಸಿ. ವಿಶ್ವ ಚಾಂಪಿಯನ್ ಆದ ಮೇಲೂ ಅವಳು ನೌಕರಿಯವಳೇ. ಆ ಕಾಲದಲ್ಲಿ ಕರ್ಲಿಂಗಿನಿಂದ ಹೊಟ್ಟೆ ತುಂಬುತ್ತಿರಲಿಲ್ಲ. ಹಗಲು ಕೆಲಸ, ಸಂಜೆ ಅಭ್ಯಾಸ, ವಾರಾಂತ್ಯ ಪಂದ್ಯ.

1990ರ ಹೊತ್ತಿಗೆ ಅವಳು ತನ್ನದೇ ತಂಡದ ಸ್ಕಿಪ್, ಅಂದರೆ ನಾಯಕಿ ಆದಳು. ಜೊತೆಗೆ ಜಾನ್ ಬೆಟ್ಕರ್, ಜೋನ್ ಮೆಕ್‌ಕಸ್ಕರ್, ಮಾರ್ಶಾ ಗುಡರೈಟ್. ಈ ಹೆಸರುಗಳನ್ನು ಮರೆಯಬೇಡಿ. ಕರ್ಲಿಂಗಿನಲ್ಲಿ ತಂಡಕ್ಕೆ ಸ್ಕಿಪ್ಪಿನ ಹೆಸರೇ ಇಡುತ್ತಾರೆ, ಹಾಗಾಗಿ ಉಳಿದವರು ಎಲ್ಲ ಕಡೆ ಅಳಿಸಿಹೋಗುತ್ತಾರೆ. ಪತ್ರಿಕೆಗಳಿಗಂತೂ ‘ಶ್ಮರ್ಲರ್ ದ ಕರ್ಲರ್’ ಅಂತ ಪ್ರಾಸ ಬೇರೆ ಸಿಕ್ಕಿತ್ತು, ಬಿಡುತ್ತಾರೆಯೇ? ಆದರೆ ಸಾಂಡ್ರಾ ತಂಡದ ಕೊನೆಯ ಕಲ್ಲು ಎಸೆಯುವಾಗ ಆ ತುದಿಯಲ್ಲಿ ಕಸಬರಿಗೆ ಊರಿ ‘ಇಲ್ಲಿಗೆ ಗುರಿ ಇಡು’ ಅಂತ ನಿಲ್ಲುವವಳು ಜಾನ್. ಕಲ್ಲಿನ ಮುಂದೆ ಉಜ್ಜುತ್ತ ಓಡುವವರು ಜೋನ್ ಮತ್ತು ಮಾರ್ಶಾ. ಎಸೆದವಳು ಹಿಂದೆ ಉಳಿದು ಕೂಗುತ್ತಿರುತ್ತಾಳೆ.

1993ರಲ್ಲಿ ಇವರು ಕೆನಡಾದ ರಾಷ್ಟ್ರೀಯ ಪಂದ್ಯ ಗೆದ್ದು ಜಿನೀವಾದಲ್ಲಿ ವಿಶ್ವ ಚಾಂಪಿಯನ್ನರಾದರು. 1994ರಲ್ಲಿ ಜರ್ಮನಿಯ ಓಬರ್ಸ್ಟ್‌ಡಾರ್ಫ್‌ನಲ್ಲಿ ಮತ್ತೆ. ಆಮೇಲೆ ಎರಡು ವರ್ಷ ರಾಷ್ಟ್ರೀಯ ಪಟ್ಟವೂ ಇಲ್ಲ. ನಮ್ಮ ಉದ್ಯೋಗದಲ್ಲಾದರೆ ಎರಡು ವರ್ಷ ಫಲಿತಾಂಶ ಇಲ್ಲದಿದ್ದರೆ ತಂಡವನ್ನೇ ‘ರೀಸ್ಟ್ರಕ್ಚರ್’ ಮಾಡುತ್ತಾರೆ. ಇವರು ನಾಲ್ವರೂ ಒಟ್ಟಿಗೇ ಉಳಿದರು. 1997ರಲ್ಲಿ ಮತ್ತೆ ದೇಶದ ಪಟ್ಟ, ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಮೂರನೇ ವಿಶ್ವ ಪಟ್ಟ. ಮಹಿಳೆಯರಲ್ಲಿ ಮೂರು ಸಲ ವಿಶ್ವ ಪಟ್ಟ ಗೆದ್ದ ಮೊದಲ ಸ್ಕಿಪ್ ಇವಳು.

ಆಗ ಸಾಂಡ್ರಾ ಬಸುರಿ. ಆ ಸೆಪ್ಟೆಂಬರಿನಲ್ಲಿ ಮೊದಲ ಮಗಳು ಸಾರಾ ಹುಟ್ಟಿದಳು.

ಈಗ ನಾನು ಹೇಳಬೇಕೆಂದಿದ್ದ ಜಾಗಕ್ಕೆ ಬಂದೆ. 1998ರ ನಗಾನೋ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೊದಲ ಬಾರಿಗೆ ಮಹಿಳೆಯರ ಕರ್ಲಿಂಗಿಗೆ ಪದಕ ಇಟ್ಟಿದ್ದರು. ಅದಕ್ಕೆ ಕೆನಡಾದಿಂದ ಯಾರು ಹೋಗಬೇಕು ಅಂತ ಆಯ್ಕೆ ಪಂದ್ಯ ನಡೆದದ್ದು 1997ರ ನವೆಂಬರ್ ಕೊನೆಯಲ್ಲಿ, ಬ್ರಾಂಡನ್ ಎಂಬ ಊರಿನಲ್ಲಿ. ವಿಶ್ವ ಚಾಂಪಿಯನ್ ಅಂತ ರಿಯಾಯಿತಿ ಇಲ್ಲ, ಎಲ್ಲರ ಜೊತೆ ಆಡಿಯೇ ಗೆಲ್ಲಬೇಕು. ಆ ಹೊತ್ತಿಗೆ ಸಾಂಡ್ರಾ ಹೆತ್ತು ಒಂಬತ್ತು ಹತ್ತು ವಾರ.

ಒಂಬತ್ತು ವಾರ ಅಂದರೆ ಏನು ಅಂತ ಇಲ್ಲಿರುವ ಹೆಚ್ಚಿನವರಿಗೆ ಮೈಯೇ ಹೇಳುತ್ತದೆ. ನನಗೆ ಒಂಬತ್ತನೇ ವಾರದಲ್ಲಿ ನೆಲದಿಂದ ಏಳಬೇಕಾದರೆ ಅವ್ವನ ಕೈ ಬೇಕಿತ್ತು. ಕರ್ಲಿಂಗ್ ಕಲ್ಲು ಎಸೆಯುವವರು ಒಂದು ಮೊಣಕಾಲು ಮಡಿಸಿ, ಇನ್ನೊಂದು ಕಾಲು ಹಿಂದೆ ಚಾಚಿ, ಎದೆ ಮಂಜಿಗೆ ತಾಗುವಷ್ಟು ಬಗ್ಗಿ ಜಾರುತ್ತಾರೆ. ಎರಡೂವರೆ ಗಂಟೆಯ ಪಂದ್ಯ, ಕೆಲವು ದಿನ ಎರಡೆರಡು.

ಫೈನಲ್‌ನಲ್ಲಿ ಎದುರಾಳಿ ಶಾನನ್ ಕ್ಲೈಬ್ರಿಂಕ್ ತಂಡ. ಏಳನೇ ಸುತ್ತಿನಲ್ಲಿ ಸಾಂಡ್ರಾಳ ಕೊನೆಯ ಕಲ್ಲು. ಮನೆಯ ನಡುವೆ ಎದುರಾಳಿಯ ಕಲ್ಲು ಕೂತಿದೆ, ನೇರ ಹೊಡೆಯಲು ದಾರಿ ಇಲ್ಲ. ಆಗ ಅವಳು ಪಕ್ಕದಲ್ಲಿದ್ದ ಇನ್ನೊಂದು ಕಲ್ಲಿನ ಅಂಚಿಗೆ ತನ್ನ ಕಲ್ಲನ್ನು ತಾಗಿಸಿ, ಅಲ್ಲಿಂದ ಅದು ಓರೆಯಾಗಿ ಒಳಕ್ಕೆ ಹೊರಳಿ ಎದುರಾಳಿಯದನ್ನು ಹೊರದಬ್ಬುವಂತೆ ಎಸೆದಳು. ಕೇರಮಿನಲ್ಲಿ ಒಂದು ಕಾಯಿನಿಗೆ ಕಟ್ ಕೊಟ್ಟು ಸ್ಟ್ರೈಕರನ್ನು ಇನ್ನೊಂದರ ಮೇಲೆ ಕಳಿಸುವ ಹಾಗೆ, ಆದರೆ ಇಪ್ಪತ್ತು ಕಿಲೋ ಕಲ್ಲಿನಲ್ಲಿ, ನೂರಕ್ಕೂ ಹೆಚ್ಚು ಅಡಿ ದೂರದಿಂದ. ಒಂದೇ ಏಟಿಗೆ ಮೂರು ಅಂಕ. ಪಂದ್ಯ 9-6ರಲ್ಲಿ ಮುಗಿಯಿತು. ಆ ವೀಡಿಯೋ ಈಗಲೂ ಸಿಗುತ್ತದೆ, ಮನೆಗೆ ಹೋಗಿ ನೋಡಿ. ನಾನು ಹತ್ತಿಪ್ಪತ್ತು ಸಲ ನೋಡಿರಬೇಕು.

ಹಿರಿಯರಲ್ಲಿ ಒಂದು ವಿನಂತಿ. ಈ ಕಥೆಯನ್ನು ಮನೆಗೆ ಒಯ್ದು ಸೊಸೆಗೋ ಮಗಳಿಗೋ “ನೋಡು, ಅವಳು ಒಂಬತ್ತು ವಾರಕ್ಕೇ ಒಲಿಂಪಿಕ್ಸ್‌ಗೆ ಆಯ್ಕೆಯಾದಳು, ನೀನು ಇನ್ನೂ ಮಲಗಿದ್ದೀಯ” ಅನ್ನಬೇಡಿ. ಇವಳ ಬಗ್ಗೆ ಬರೆದ ಅರ್ಧ ಜನ ಹಾಗೇ ಬರೆದಿದ್ದಾರೆ. ಸೂಪರ್ ತಾಯಿ, ಉಕ್ಕಿನ ಮಹಿಳೆ ಇತ್ಯಾದಿ. ನನಗೆ ಆ ಶೈಲಿ ಕಂಡರೆ ಆಗುವುದಿಲ್ಲ. ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಅವಳ ಬಸುರಿನ ಸುದ್ದಿ ತಿಳಿದಾಗ ಆ ಮೂವರು, “ಒಲಿಂಪಿಕ್ ವರ್ಷ, ಇಂಥ ಅವಕಾಶ ಮತ್ತೆ ಬರುವುದಿಲ್ಲ, ಈ ಸಲ ಬೇರೆ ಸ್ಕಿಪ್ ನೋಡೋಣ” ಅನ್ನಬಹುದಿತ್ತು. ಆಟದ ಲೆಕ್ಕದಲ್ಲಿ ಅದು ತಪ್ಪೂ ಆಗುತ್ತಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಅವಳ ಜಾಗ ಅವಳಿಗಾಗಿಯೇ ಇತ್ತು.

ಜಾಗ ಇರುವುದು ಎಂದರೇನು ಅಂತ ನನಗೆ ಗೊತ್ತಾದದ್ದು ಅದು ಇಲ್ಲದಾಗ. 2017ರ ತಿದ್ದುಪಡಿ ಆದಮೇಲೆ ನಮ್ಮ ದೇಶದ ಕಾನೂನಿನಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳಸಹಿತ ರಜೆ ಇದೆ. ಐವತ್ತು ಅಥವಾ ಹೆಚ್ಚು ನೌಕರರಿದ್ದರೆ ಶಿಶುಪಾಲನಾ ಕೇಂದ್ರದ ವ್ಯವಸ್ಥೆಯೂ ಇರಬೇಕು. ಒಳ್ಳೆಯ ಕಾನೂನು, ನಾನು ಪೂರ್ತಿ ಬಳಸಿಕೊಂಡೆ. ಆಗ ನಾನಿದ್ದ ಸಂಸ್ಥೆಯ ಹೆಸರು ಬೇಡ. 26 ವಾರ ಮುಗಿಸಿ ಹೋದಾಗ ಎಲ್ಲರೂ ನಗುನಗುತ್ತ ಕೇಕ್ ಕತ್ತರಿಸಿದರು. ಕುರ್ಚಿ ಇತ್ತು, ಲ್ಯಾಪ್‌ಟಾಪ್ ಇತ್ತು, ನಾನು ಮೂರು ವರ್ಷ ಕಟ್ಟಿದ್ದ ಮಾಡ್ಯೂಲ್ ಮಾತ್ರ ಇನ್ನೊಬ್ಬರ ಕೈಯಲ್ಲಿತ್ತು. “ನಿಮಗೆ ಈಗ ಒತ್ತಡ ಬೇಡ ಅಂತ” ಎಂದರು. ಯಾರೂ ಕೆಟ್ಟವರಲ್ಲ, ಪ್ರೀತಿಯಿಂದಲೇ ಹೇಳಿದ್ದು. ಆ ವರ್ಷದ ಅಪ್ರೈಸಲ್‌ನಲ್ಲಿ ಆ ಪ್ರೀತಿಗೆ ಅಂಕ ಸಿಗಲಿಲ್ಲ. ನನ್ನ ಜೊತೆ ಎಂ.ಟೆಕ್ ಮುಗಿಸಿದ ಗೆಳತಿಯರಲ್ಲಿ ಇಬ್ಬರು ಇಂಥ ಸಣ್ಣ ಸಣ್ಣ ‘ಒತ್ತಡ ಬೇಡ’ಗಳ ನಡುವೆಯೇ ಕೆಲಸ ಬಿಟ್ಟರು. ಕಾನೂನು ರಜೆ ಕೊಡಿಸಬಹುದು. ಕೊನೆಯ ಕಲ್ಲು ನಿನ್ನದೇ ಅಂತ ಕಾದು ನಿಲ್ಲುವ ಮೂವರನ್ನು ಎಲ್ಲಿಂದ ಕೊಡಿಸುತ್ತದೆ?

ಕರ್ಲಿಂಗಿನಲ್ಲಿ ಇದು ಒಂದು ಸಲದ ಮಾತಾಗಿಯೂ ಉಳಿಯಲಿಲ್ಲ. 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಕೆನಡಾದ ಕ್ರಿಸ್ಟಿ ಮೂರ್ ಐದು ತಿಂಗಳು ದಾಟಿದ ಬಸುರಿಯಾಗಿ ತಂಡದಲ್ಲಿದ್ದು ಬೆಳ್ಳಿ ಪಡೆದಳು. 2021ರಲ್ಲಿ ರೇಚಲ್ ಹೋಮನ್ ಎಂಟು ತಿಂಗಳ ಹೊಟ್ಟೆ ಹೊತ್ತು ತಂಡವನ್ನು ರಾಷ್ಟ್ರೀಯ ಫೈನಲ್‌ವರೆಗೆ ತಂದಳು.

ನಗಾನೋ ಕಥೆ ಬೇಗ ಹೇಳುತ್ತೇನೆ. ಸೆಮಿಫೈನಲ್‌ನಲ್ಲಿ ಬ್ರಿಟನ್ ಎದುರು ಹತ್ತು ಸುತ್ತಿನಲ್ಲಿ ತೀರ್ಮಾನವಾಗದೆ ಹನ್ನೊಂದನೆಯದಕ್ಕೆ ಹೋಗಿ 6-5ರ ಗೆಲುವು. ಫೆಬ್ರುವರಿ 15ರಂದು ಫೈನಲ್‌ನಲ್ಲಿ ಡೆನ್ಮಾರ್ಕ್ ಮೇಲೆ 7-5. ಸೋತ ಡೆನ್ಮಾರ್ಕಿಗೂ ಸಂಭ್ರಮವೇ, ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಆ ದೇಶಕ್ಕೆ ಅದೇ ಮೊದಲ ಪದಕ. ಮಹಿಳಾ ಕರ್ಲಿಂಗಿನ ಮೊಟ್ಟಮೊದಲ ಒಲಿಂಪಿಕ್ ಚಿನ್ನ ರೆಜೈನಾದ ನಾಲ್ವರು ನೌಕರಿಯ ಹೆಂಗಸರ ಕೊರಳಿಗೆ ಬಿತ್ತು.

ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿತ್ತು. 1999ರ ಜೂನ್ ಕೊನೆಯಲ್ಲಿ ಎರಡನೇ ಮಗಳು ಜೆನ್ನಾ ಹುಟ್ಟಿದಳು. ಆ ಬಸುರಿನಲ್ಲಿ ಸಾಂಡ್ರಾಗೆ ವಿಪರೀತ ಬೆನ್ನುನೋವು. ಬಸುರಿಯರಿಗೆ ಬೆನ್ನುನೋವು ಇದ್ದದ್ದೇ ಅಂತ ಯಾರಿಗಾದರೂ ಅನ್ನಿಸುವಂಥದ್ದು. ಹೆರಿಗೆಯಾಗಿ ಕೆಲವು ವಾರಕ್ಕೆ ಗೊತ್ತಾಯಿತು, ಕ್ಯಾನ್ಸರ್, ಎದೆಯೊಳಗೆ ಗೆಡ್ಡೆ. ಇಲ್ಲಿ ನಾನು ಒಂದು ಮಾತು ಸೇರಿಸುತ್ತೇನೆ, ಡಾಕ್ಟರಲ್ಲದಿದ್ದರೂ. ನಮ್ಮ ನೋವಿಗೆ ‘ಇದ್ದದ್ದೇ’ ಅನ್ನುವ ಔಷಧಿಯನ್ನು ನಮಗೆ ನಾವೇ ಕೊಟ್ಟುಕೊಳ್ಳುವುದು ಕಡಿಮೆ ಮಾಡೋಣ.

2000ನೇ ಇಸವಿಯ ಫೆಬ್ರುವರಿಯಲ್ಲಿ ಮಾಂಕ್ಟನ್ ಊರಿನಲ್ಲಿ ನಡೆದ ಜೂನಿಯರ್ ರಾಷ್ಟ್ರೀಯ ಪಂದ್ಯಕ್ಕೆ ಟಿ.ವಿ. ವೀಕ್ಷಕ ವಿವರಣೆ ಕೊಡಲು ಅವಳು ಬಂದಳು. ಚಿಕಿತ್ಸೆಯಿಂದ ಸೊರಗಿದ್ದಳು. ಅಲ್ಲಿ ಪತ್ರಕರ್ತರ ಮುಂದೆ ಕೂತು, ಕಾಯಿಲೆ ಬಂದ ಮೇಲೆ ತಾನು ಇಟ್ಟುಕೊಂಡ ಮೂರು ಆಸೆಗಳನ್ನು ಹೇಳಿದಳು. ಒಂದು, ಮನೆಯವರನ್ನು ನೋಡಿಕೊಳ್ಳುವುದು. ಇನ್ನೊಂದು, ಚಳಿಗಾಲವೆಲ್ಲ ಮಂಜಿನ ಕಟ್ಟೆಯಲ್ಲೇ ಕಳೆದುಹೋಯಿತು, ಒಂದು ಸಲ ಬೆಚ್ಚಗಿನ ಊರಿಗೆ ಹೋಗಿ ಮರಳಲ್ಲಿ ಕಾಲಿಡಬೇಕು ಎಂಬುದು. ಮೂರನೆಯದು, ಇವತ್ತು ಇಲ್ಲಿಗೆ ಬರುವುದು. ಕರ್ಲಿಂಗಿನಲ್ಲಿ ಸೋತರೆ ಪ್ರಪಂಚ ಮುಳುಗುವುದಿಲ್ಲ ಅಂತ ಈಗ ಗೊತ್ತಾಗಿದೆ ಎಂದೂ ಹೇಳಿದಳು. ಮರಳಿನ ಆಸೆ ಅವತ್ತಿಗೆ ಇನ್ನೂ ತೀರಿರಲಿಲ್ಲ. ಮಾರ್ಚ್ 2ರಂದು ಹೋಗಿಬಿಟ್ಟಳು. ದೊಡ್ಡ ಮಗಳಿಗೆ ಎರಡೂವರೆ ವರ್ಷ, ಚಿಕ್ಕದಕ್ಕೆ ಎಂಟು ತಿಂಗಳು.

ಅಂತ್ಯಕ್ರಿಯೆಯನ್ನು ಕೆನಡಾದ ಟಿ.ವಿ. ವಾಹಿನಿಗಳು ನೇರಪ್ರಸಾರ ಮಾಡಿದವು. ಆಗ ಸಸ್ಕಟೂನ್ ನಗರದಲ್ಲಿ ಗಂಡಸರ ರಾಷ್ಟ್ರೀಯ ಕರ್ಲಿಂಗ್ ಪಂದ್ಯ ನಡೆಯುತ್ತಿತ್ತು. ಆಟವನ್ನು ತಡಮಾಡಿ, ಕಟ್ಟೆಯಲ್ಲೇ ಪರದೆಯ ಮೇಲೆ ಅದನ್ನು ತೋರಿಸಿದರು. ನಮ್ಮ ಆ ಕಾಲ್‌ನ ಮೌನದ ಅರ್ಥ ನನಗೆ ಇದನ್ನು ಓದಿದಾಗ ಹತ್ತಿತು. ಅವರಲ್ಲಿ ಕೆಲವರು ಆಗ ಶಾಲೆಯ ಮಕ್ಕಳು, ಮನೆಯವರ ಜೊತೆ ಟಿ.ವಿ. ಮುಂದೆ ಕೂತು ನೋಡಿದವರು.

ಅವಳು ದುಡಿಯುತ್ತಿದ್ದ ರೆಜೈನಾದ ಆ ಕೇಂದ್ರಕ್ಕೆ ಈಗ ಅವಳದೇ ಹೆಸರು. ಜೋನ್ ಮೆಕ್‌ಕಸ್ಕರ್ ಟಿ.ವಿ.ಯಲ್ಲಿ ಕರ್ಲಿಂಗ್ ವಿವರಣೆಗಾರ್ತಿಯಾಗಿ ಹೆಸರಾದಳು. 2001ರಲ್ಲಿ ಸಾಂಡ್ರಾ ಹೆಸರಿನಲ್ಲಿ ಒಂದು ಪ್ರತಿಷ್ಠಾನ ಶುರುವಾಯಿತು. ಅವಧಿಗೆ ಮೊದಲೇ ಹುಟ್ಟಿದ, ಕಾಯಿಲೆಯಿಂದ ಹುಟ್ಟಿದ ಕೂಸುಗಳ ತೀವ್ರ ನಿಗಾ ಘಟಕಗಳಿಗೆ ಯಂತ್ರೋಪಕರಣ ಕೊಳ್ಳಲು ಅದು ಆಸ್ಪತ್ರೆಗಳಿಗೆ ಹಣ ಕೊಡುತ್ತದೆ. ಮಹಿಳೆಯರ ರಾಷ್ಟ್ರೀಯ ಪಂದ್ಯದ ಹೊತ್ತಿನಲ್ಲಿ ಕರ್ಲಿಂಗ್ ನೋಡುವ ಜನರಿಂದ ದೇಣಿಗೆ ಎತ್ತುತ್ತಾರೆ.

ನನ್ನ ಮಗಳು ಏಳೂವರೆ ತಿಂಗಳಿಗೇ ಹುಟ್ಟಿ ಹನ್ನೊಂದು ದಿನ ಅಂಥ ಘಟಕದಲ್ಲಿದ್ದಳು, ಇದೇ ಊರಿನಲ್ಲಿ. ಗಾಜಿನ ಪೆಟ್ಟಿಗೆಯ ರಂಧ್ರದಿಂದ ಕೈ ಹಾಕಿ ಒಂದು ಬೆರಳು ಹಿಡಿಸುವುದಷ್ಟೇ ನನಗಿದ್ದ ತಾಯ್ತನ. ಆ ಪೆಟ್ಟಿಗೆ, ಆ ಮಾನಿಟರ್ ಯಾರದೋ ದುಡ್ಡಿನಲ್ಲಿ ಯಾವತ್ತೋ ಅಲ್ಲಿಗೆ ಬಂದಿರುತ್ತದೆ ಅಂತ ಅವತ್ತು ನನಗೆ ಹೊಳೆದಿರಲಿಲ್ಲ. ನಮ್ಮ ಸಂಘದಿಂದ ರಾಜ್ಯೋತ್ಸವಕ್ಕೆ ಎತ್ತುವ ಹಣದಲ್ಲಿ ಒಂದು ಭಾಗವನ್ನು ಇಲ್ಲಿನ ಸರ್ಕಾರಿ ಹೆರಿಗೆ ಆಸ್ಪತ್ರೆಯ ಕೂಸುಗಳಿಗೆ ಇಡಬಹುದೇ ಅಂತ ಕಾರ್ಯಕಾರಿ ಸಮಿತಿಯವರು ಯೋಚಿಸಬೇಕು. ಇದನ್ನು ಮಾತಿನ ನಡುವೆ ತೂರಿಸಿದೆ ಅಂದುಕೊಂಡರೂ ಚಿಂತೆಯಿಲ್ಲ, ಲಿಖಿತವಾಗಿಯೂ ಕೊಡುತ್ತೇನೆ.

ಇನ್ನು ಆಟದ ವಿಷಯ. ಹೈದರಾಬಾದಿನಲ್ಲಿ ಕರ್ಲಿಂಗ್ ಸಾಧ್ಯವಿಲ್ಲ. ಆದರೆ ಕೇರಂ ಇದೆ. ಎಲ್‌ಐಸಿಯಲ್ಲಿ ಕೆಲಸ ಮಾಡುತ್ತ 2016ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೇರಂ ವಿಶ್ವ ಚಾಂಪಿಯನ್ ಆದ ಎಸ್. ಅಪೂರ್ವ ನಮ್ಮ ಹೈದರಾಬಾದಿನವರೇ. ನಮ್ಮಲ್ಲಿ ಎಷ್ಟು ಜನರಿಗೆ ಆ ಹೆಸರು ಗೊತ್ತಿತ್ತು, ಕೈ ಎತ್ತಿ ನೋಡೋಣ... ಮೂರು. ಅವರನ್ನು ಒಮ್ಮೆ ನಮ್ಮ ವೇದಿಕೆಗೆ ಕರೆಯೋಣ ಎಂಬುದು ನನ್ನ ಎರಡನೇ ಸಲಹೆ.

ಈಗ ಪ್ರಶ್ನೆ ಕೇಳಿ. ಕಲ್ಲು ಯಾಕೆ ತಿರುಗುತ್ತದೆ ಅಂತ ಮಾತ್ರ ಕೇಳಬೇಡಿ. ಲೋಟವನ್ನು ಬೋರಲು ಹಾಕಿ ತಿರುಗಿಸುತ್ತ ಮೇಜಿನ ಮೇಲೆ ಜಾರಿಸಿದರೆ ಅದು ಒಂದು ಕಡೆ ಬಾಗುತ್ತದೆ, ಕರ್ಲಿಂಗ್ ಕಲ್ಲು ಅದಕ್ಕೆ ತೀರಾ ವಿರುದ್ಧ ದಿಕ್ಕಿಗೆ ಬಾಗುತ್ತದೆ. ಭೌತವಿಜ್ಞಾನಿಗಳು ಅದರ ಮೇಲೆ ಇನ್ನೂ ಜಗಳವಾಡುತ್ತಿದ್ದಾರೆ.